ಅರಗಿನ ಬಳೆಯೂ ಎರಡು ಊರಿನ ಒಂದೇ ಕಸುಬೂ



ಹೋದ ವಾರ ಆರನೇ ತರಗತಿಯ ಹುಡುಗಿಯೊಬ್ಬಳು ಕೆಂಪು, ಹಳದಿ ಬಣ್ಣದ ಮರದ ಬಳೆ ಹಾಕಿಕೊಂಡು ಬಂದಿದ್ದಳು. ಚನ್ನಪಟ್ಟಣದ ಕಡೆ ಮದುವೆಗೆ ಹೋದಾಗ ಅಜ್ಜಿ ಕೊಡಿಸಿದ್ದಂತೆ. "ಇದರ ಮೇಲೆ ಹೊಳೆಯೋದು ಏನಮ್ಮಾ?" ಎಂದು ಕೇಳಿದೆವು. "ಲಕ್ಕ, ಸಾರ್" ಎಂದಳು. ಕನ್ನಡದಲ್ಲಿ? ತರಗತಿಯೇ ಸುಮ್ಮನಾಯಿತು. ಮಡಕಶಿರಾ ಸೀಮೆಯ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು. ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯ ಕಥೆ ನೆನಪಿಸಿದ ಕೂಡಲೇ "ಅರಗು!" ಎಂದು ಕೂಗಿದರು. ಅಂದಿನ ಪಾಠ ಅಲ್ಲಿಂದಲೇ ಶುರುವಾಯಿತು.

ಅರಗು ಮರದ ಅಂಟಲ್ಲ. ಮುತ್ತುಗ, ಬೋರೆ ಮುಂತಾದ ಮರಗಳ ಕೊಂಬೆಗೆ ಕಚ್ಚಿಕೊಂಡು ಬದುಕುವ ಸಣ್ಣ ಕೀಟ ತನ್ನ ಮೈಮೇಲೆ ಕಟ್ಟಿಕೊಳ್ಳುವ ಹೊದಿಕೆ. ಅದನ್ನು ಕರಗಿಸಿ, ಬಣ್ಣ ಬೆರೆಸಿ, ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ಚನ್ನಪಟ್ಟಣದಲ್ಲಿ ಬಳಸುವುದು ಆಲೆ ಮರ. ಹಾಲೆ ಎಂದೂ ಅನ್ನುತ್ತಾರೆ. ಕಡಿದರೆ ಹಾಲು ಒಸರುತ್ತದೆ, ಒಳಗಿನ ಮರ ದಂತದ ಹಾಗೆ ಬಿಳಿ. ಚೆನ್ನಾಗಿ ಒಣಗಿಸಿದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ಕಡೆದು ಬಳೆ, ಮಣಿ, ಓಲೆ, ಬುಗುರಿ ಮಾಡುತ್ತಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಕುಂಚವೂ ಬೇಡ, ಒಲೆಯೂ ಬೇಡ. ಕೊನೆಗೆ ಕೇದಗೆಯ ಒಣ ಎಲೆ ಒತ್ತಿ ಹೊಳಪು ಕೊಡುತ್ತಾರೆ.

ಈ ವಿದ್ಯೆ ಎಲ್ಲಿಂದ ಬಂತು? ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಎಂಬ ಮಾತು ಪ್ರಚಾರದಲ್ಲಿದೆ. ಜಪಾನಿನ ವಿಧಾನ ಕಲಿತು ಬಂದು ಕಸುಬನ್ನು ಬೆಳೆಸಿದರೆಂದು ಬಾವಸ್ ಮಿಯಾನ್ ಅವರನ್ನು ಊರವರು ನೆನೆಯುತ್ತಾರೆ. 1800ರಲ್ಲಿ ಈ ದಾರಿಯಲ್ಲಿ ಬಂದ ಬುಕಾನನ್ ಇಲ್ಲಿನ ಗಾಜಿನ ಬಳೆ, ವಾದ್ಯಗಳ ಉಕ್ಕಿನ ತಂತಿಗಳ ಬಗ್ಗೆ ಬರೆದಿದ್ದಾನೆ. ಅಂದರೆ ಅದು ಆಗಲೇ ಕಸುಬುದಾರರ ಊರು.

ಈಗ ನಮ್ಮ ರಾಜ್ಯದ ಇನ್ನೊಂದು ತುದಿಗೆ ಹೋಗೋಣ. ಅನಕಾಪಲ್ಲಿ ಜಿಲ್ಲೆಯಲ್ಲಿ, ವರಾಹ ನದಿಯ ದಡದಲ್ಲಿ ಏಟಿಕೊಪ್ಪಾಕ ಇದೆ. ಟಿಪ್ಪು ಆಳದ ಆ ಊರಿನಲ್ಲೂ ಇದೇ ಲೇತು, ಇದೇ ಅರಗು. ಅವರು 'ಅಂಕುಡು' ಎನ್ನುವ ಮರ ನಮ್ಮ ಹಾಲೆಯೇ. 'ಮೊಗಲಿ' ಎನ್ನುವುದು ನಮ್ಮ ಕೇದಗೆಯೇ! ಆದ್ದರಿಂದ ಕಸುಬು ನೆಲೆಯೂರಲು ರಾಜನೊಬ್ಬನೇ ಸಾಲದು; ಹತ್ತಿರದ ಕಾಡು, ಕಲಿತ ಕೈ, ಕೊಳ್ಳುವ ಜನ ಮೂರೂ ಬೇಕು ಎಂದು ನಮಗೆ ತೋರುತ್ತದೆ.

ಚನ್ನಪಟ್ಟಣದ ಆಟಿಕೆಗೆ 2005-06ರಲ್ಲಿ, ಏಟಿಕೊಪ್ಪಾಕದ ಬೊಂಬೆಗೆ 2017ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೀಜ, ಬೇರು, ತೊಗಟೆಗಳ ಬಣ್ಣವನ್ನು ಮತ್ತೆ ಬಳಕೆಗೆ ತಂದ ಏಟಿಕೊಪ್ಪಾಕದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೂ ಅಗ್ಗದ ಪ್ಲಾಸ್ಟಿಕ್ಕಿನ ಎದುರು ಮರದ ಬುಗುರಿ ನಿಲ್ಲುವುದು ಕಷ್ಟ. ಗುರುತಿನ ಚೀಟಿಯೊಂದೇ ಕಸುಬನ್ನು ಉಳಿಸದು, ಕೊಳ್ಳುವವರು ಬೇಕು.

ಪದಗಳ ಗತಿಯೂ ಅದೇ ಅಲ್ಲವೇ? ನಮ್ಮ ಮಕ್ಕಳು 'ಲಕ್ಕ' ಕಲಿತದ್ದು ಸಂತೋಷವೇ. ಆದರೆ 'ಅರಗು' ಮರೆತರೆ ಅವರನ್ನು ಬೈಯುವಂತಿಲ್ಲ, ನಾವು ಆಡಲಿಲ್ಲ ಅಷ್ಟೇ. ಪೋಷಕರಲ್ಲಿ ಒಂದು ವಿನಂತಿ: ಮುಂದಿನ ಜಾತ್ರೆಯಲ್ಲಿ ಮಗುವಿಗೆ ಒಂದು ಮರದ ಬುಗುರಿ ಕೊಡಿಸಿ. ಕೊಡಿಸುವಾಗ ಅದರ ಮರದ ಹೆಸರು, ಬಣ್ಣದ ಹೆಸರು ಕನ್ನಡದಲ್ಲೂ ಹೇಳಿ.