ಮನೆಯಂಗಳದಲ್ಲಿ ಎಂಜಿಬಿ: ಒಂದು ಸ್ಪೋರ್ಟ್ಸ್ ಕಾರಿನ ರಿಪೇರಿಯ ಚರಿತ್ರೆ

ಎಂಜಿಬಿ ಎಂಬ ಎರಡು ಸೀಟಿನ ಕಾರು ಮಾರುಕಟ್ಟೆಗೆ ಬಂದದ್ದು 1962ರ ಸೆಪ್ಟೆಂಬರಿನಲ್ಲಿ. ಅದನ್ನು ಕಟ್ಟುತ್ತಿದ್ದ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆ 1980ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ನಡುವಿನ ಹದಿನೆಂಟು ವರ್ಷಗಳಲ್ಲಿ ಐದು ಲಕ್ಷಕ್ಕೂ ಮೀರಿ ಕಾರುಗಳು ತಯಾರಾದವು. ಎಂಜಿಬಿಯ ಬಗ್ಗೆ ಬಂದ ಬಹುಪಾಲು ಬರವಣಿಗೆ ಈ ಹದಿನೆಂಟು ವರ್ಷಗಳ ಒಳಗೇ ಸುತ್ತುತ್ತದೆ: ವಿನ್ಯಾಸ, ರೇಸು, ಮಾರಾಟ, ಕೊನೆಗೆ ಆಡಳಿತದವರ ತಪ್ಪು ತೀರ್ಮಾನಗಳು. ಇಂದಿಗೂ ಓಡುತ್ತಿರುವ ಎಂಜಿಬಿಯೊಂದರ ಆಯುಷ್ಯದ ದೊಡ್ಡ ಪಾಲು ಕಳೆದಿರುವುದು ಮಾತ್ರ ಕಾರ್ಖಾನೆ ಮುಚ್ಚಿದ ಮೇಲೆ, ಮನೆಪಕ್ಕದ ಗ್ಯಾರೇಜಿನಲ್ಲಿ, ಎಷ್ಟೋ ಸಲ ಜ್ಯಾಕಿನ ಮೇಲೆ. ಈ ಲೇಖನಕ್ಕೆ ಬೇಕಿರುವುದು ಆ ಎರಡನೆಯ ಚರಿತ್ರೆ.

ಹಳೆಯ ಸ್ಪೋರ್ಟ್ಸ್ ಕಾರನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವುದನ್ನು ನಾವು ಇಂದು ಹವ್ಯಾಸ ಎನ್ನುತ್ತೇವೆ. ಮೊದಲು ಅದು ಹವ್ಯಾಸವಾಗಿರಲಿಲ್ಲ. ಕಿಸೆ, ಕಾನೂನು, ತುಕ್ಕು ಈ ಮೂರೂ ಸೇರಿ ಹೇರಿದ ಅನಿವಾರ್ಯ ಅದು. ಕಾರ್ಖಾನೆಯವರ ಕೈಯಲ್ಲಿದ್ದ ತಿಳಿವಳಿಕೆ ಅಚ್ಚಾಗಿ ಸಾಮಾನ್ಯರ ಕೈಸೇರಿದ ಮೇಲೆಯೇ ಆ ಅನಿವಾರ್ಯ ಹವ್ಯಾಸವಾಯಿತು ಎಂಬುದು ಇಲ್ಲಿನ ವಾದ.

ತೆರಿಗೆ ಮತ್ತು ಸ್ಪ್ಯಾನರು

ಎರಡನೆಯ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ ಹೊಸ ಕಾರಿನ ಮೇಲೆ ಪರ್ಚೇಸ್ ಟ್ಯಾಕ್ಸ್ ಎಂಬ ಭಾರೀ ತೆರಿಗೆಯಿತ್ತು. ಎಂಜಿಬಿಯ ಮೂಲ ಬೆಲೆ 690 ಪೌಂಡ್. ತೆರಿಗೆ ಸೇರಿದರೆ ಸುಮಾರು 950. ಬಿಡಿಭಾಗಗಳ ರೂಪದಲ್ಲಿ ಕೊಂಡು ತಾನೇ ಜೋಡಿಸಿಕೊಂಡವನಿಗೆ ಈ ಹೊರೆ ಇರಲಿಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಈ ಸಂದಿಯಲ್ಲೇ ನುಸುಳಿ ಬೆಳೆದ ಕಾರು. ಅದಕ್ಕೂ ಹಿಂದೆ, ಹಳೆಯ ಆಸ್ಟಿನ್ ಸೆವೆನ್ ಕಾರಿನ ಬಾಡಿ ಕಿತ್ತುಹಾಕಿ, ಅದರ ಚಾಸಿಯ ಮೇಲೆ ಹಗುರವಾದ ಹೊಸ ಬಾಡಿ ಕೂರಿಸಿ ‘ಸ್ಪೆಷಲ್’ ಕಟ್ಟುವ ರೂಢಿ ಬಲವಾಗಿತ್ತು. 1939ರಲ್ಲಿ ಹುಟ್ಟಿದ 750 ಮೋಟರ್ ಕ್ಲಬ್ ಈ ರೂಢಿಗೆ ನೆಲೆ ಕೊಟ್ಟಿತು. ದುಡ್ಡಿಲ್ಲದವನಿಗೆ ಸ್ಪೋರ್ಟ್ಸ್ ಕಾರು ಬೇಕೆಂದರೆ ಕೈ ಮಸಿ ಮಾಡಿಕೊಳ್ಳದೆ ದಾರಿಯಿರಲಿಲ್ಲ.

ಎಂಜಿ ಕಂಪನಿಯ ಹಳೆಯ ಕಾರುಗಳು ಮಾತ್ರ ಮನೆಯ ಮೆಕ್ಯಾನಿಕ್ಕಿಗೆ ಅಷ್ಟು ಸುಲಭವಾಗಿ ಒಲಿಯುತ್ತಿರಲಿಲ್ಲ. 1945ರಿಂದ 1949ರವರೆಗೆ ಹತ್ತು ಸಾವಿರದಷ್ಟು ತಯಾರಾದ ಎಂಜಿ ಟಿಸಿಯನ್ನೇ ನೋಡಿ. ಅದರ ಎಕ್ಸ್‌ಪಿಎಜಿ ಇಂಜಿನ್ನಿನ ಒಂದು ಬೋಲ್ಟಿಗೆ ಬ್ರಿಟಿಷ್ ವಿಟ್‌ವರ್ತ್ ಅಳತೆಯ ಸ್ಪ್ಯಾನರ್ ಸರಿಯಾಗಿ ಕೂರುತ್ತದೆ. ಬೋಲ್ಟ್ ಕಳೆದುಹೋಯಿತೆಂದು ಅಂಗಡಿಯಿಂದ ಅದೇ ತಲೆಯ ಇನ್ನೊಂದು ತಂದರೆ ಒಳಕ್ಕೆ ಹೋಗುವುದಿಲ್ಲ, ಏಕೆಂದರೆ ಥ್ರೆಡ್ ಮೆಟ್ರಿಕ್. ಎಂಜಿಯ ಒಡೆಯ ವಿಲಿಯಂ ಮೋರಿಸ್ 1923ರಲ್ಲಿ ಫ್ರೆಂಚ್ ಹಾಚ್‌ಕಿಸ್ ಕಂಪನಿಯ ಕೊವೆಂಟ್ರಿ ಇಂಜಿನ್ ಕಾರ್ಖಾನೆಯನ್ನು ಕೊಂಡಾಗ ಅಲ್ಲಿನ ಯಂತ್ರಗಳೆಲ್ಲ ಮೆಟ್ರಿಕ್ ಲೆಕ್ಕದವು. ಅವನ್ನು ಬದಲಾಯಿಸುವ ಖರ್ಚು ಯಾರಿಗೆ ಬೇಕಿತ್ತು? ಥ್ರೆಡ್ ಹಾಗೆಯೇ ಉಳಿಯಿತು, ಬ್ರಿಟಿಷ್ ಸ್ಪ್ಯಾನರಿಗೆ ಹೊಂದಲೆಂದು ತಲೆಯ ಅಳತೆ ಮಾತ್ರ ಬದಲಾಯಿತು. ಕಾರ್ಖಾನೆಯಲ್ಲಿ ಉಳಿಸಿದ ಆ ಖರ್ಚನ್ನು ಮುಂದೆ ಎಷ್ಟೋ ಮಂದಿ ಮಾಲೀಕರು ತಮ್ಮ ಭಾನುವಾರಗಳಲ್ಲಿ ತೆತ್ತರು.

1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ ಏಕರೂಪದ ಥ್ರೆಡ್ ಅಳತೆಯನ್ನು ಒಪ್ಪಿಕೊಂಡವು. ಯುದ್ಧಕಾಲದಲ್ಲಿ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರದೆ ಪಟ್ಟ ಪಾಡು ಇದರ ಹಿಂದಿತ್ತು. ಎಂಜಿಬಿಯ ಬಹುಪಾಲು ಬೋಲ್ಟುಗಳು ಈ ಹೊಸ ಅಳತೆಯವು. ಹೀಗಾಗಿ ಆ ಕಾರು ಅತಿ ಹೆಚ್ಚು ಮಾರಾಟವಾದ ಅಮೆರಿಕದಲ್ಲಿ, ಮನೆಯ ಪೆಟ್ಟಿಗೆಯಲ್ಲಿ ಮೊದಲೇ ಇದ್ದ ಅರ್ಧ ಇಂಚಿನ ಸ್ಪ್ಯಾನರೇ ಅದಕ್ಕೂ ಸಾಕಾಯಿತು. ಮನೆ ರಿಪೇರಿಯ ಚರಿತ್ರೆಯಲ್ಲಿ ಈ ಒಪ್ಪಂದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ಇಂಜಿನ್ನಿನ ಕುದುರೆಶಕ್ತಿಯ ಬಗ್ಗೆ ಬರೆಯುವವರಿಗೆ ನಟ್ಟು ಬೋಲ್ಟು ಕಣ್ಣಿಗೆ ಬೀಳುವುದು ಕಡಿಮೆ.

ಏಡನ್‌ನಲ್ಲಿ ಬಿಚ್ಚಿದ ಕಾರು

ಪ್ರತಿ ಕಾರಿಗೂ ಕಂಪನಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಎಂಬುದೊಂದು ಇತ್ತು. ಆದರೆ ಅದರ ಓದುಗ ಬೇರೆ. ಡೀಲರ್ ಅಂಗಡಿಯ ತರಬೇತಿ ಪಡೆದ ಮೆಕ್ಯಾನಿಕ್, ಅವನ ಹಿಂದೆ ಗೋಡೆಯಲ್ಲಿ ತೂಗುಹಾಕಿದ ವಿಶೇಷ ಟೂಲುಗಳು, ಮೇಲೆ ಕಾರನ್ನು ಎತ್ತುವ ಹಾಯ್ಸ್ಟ್, ಇವೆಲ್ಲ ಇವೆ ಎಂದುಕೊಂಡೇ ಬರೆದ ಪುಸ್ತಕ ಅದು. ದಿನವಿಡೀ ಹಿಡಿಯುವ ಕೆಲಸವನ್ನು ಅದು ಒಂದು ಸಾಲಿನಲ್ಲಿ ಮುಗಿಸಬಲ್ಲದು.

ಈ ಅಂತರವನ್ನು ತುಂಬಿದವನು ಜಾನ್ ಹೇನ್ಸ್. ಹುಟ್ಟಿದ್ದು 1938ರಲ್ಲಿ ಸಿಲೋನಿನಲ್ಲಿ. ತಂದೆ ಅಲ್ಲಿ ಚಹಾ ತೋಟ ನೋಡಿಕೊಳ್ಳುತ್ತಿದ್ದರು. ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಯಲ್ಲಿದ್ದಾಗಲೇ ರಗ್ಬಿ ಆಟದಿಂದ ವಿನಾಯಿತಿ ಕೇಳಿ ಪಡೆದು, ಆ ಹೊತ್ತಿನಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಸ್ಪೆಷಲ್ ಆಗಿ ಕಟ್ಟಿದ. 1956ರಲ್ಲಿ ಅದರ ಬಗ್ಗೆ ಸಣ್ಣ ಪುಸ್ತಿಕೆಯೊಂದನ್ನು ತಾನೇ ಹೊರತಂದ; 250 ಪ್ರತಿಗಳು ಹತ್ತು ದಿನಗಳಲ್ಲಿ ಖರ್ಚಾದವು. ಮುಂದೆ ವಾಯುಪಡೆ ಸೇರಿ ಏಡನ್‌ನಲ್ಲಿದ್ದಾಗ ಸಹೋದ್ಯೋಗಿಯೊಬ್ಬ ಸುಸ್ತಾದ ಆಸ್ಟಿನ್-ಹೀಲಿ ಸ್ಪ್ರೈಟ್ ಕೊಂಡು ನೆರವು ಕೇಳಿದ. ಈ ಸ್ಪ್ರೈಟ್ ಕೂಡ ಆಬಿಂಗ್ಡನ್‌ನಲ್ಲೇ ತಯಾರಾದದ್ದು, ಎಂಜಿಬಿಯ ದಾಯಾದಿ. ಕಂಪನಿಯ ಮ್ಯಾನ್ಯುಯಲ್ ಇಂಥವರಿಗೆ ಉಪಯೋಗಕ್ಕೆ ಬಾರದೆಂದು ಹೇನ್ಸನಿಗೆ ಹೊಳೆದದ್ದು ಆ ಕೆಲಸದ ನಡುವೆ. ಇಂಜಿನ್ ಬಿಚ್ಚಿದ ಹಾಗೆ ಹಂತ ಹಂತವಾಗಿ ಫೋಟೋ ತೆಗೆದು, ಅದೇ ಕ್ರಮದಲ್ಲಿ ವಿವರಣೆ ಬರೆದ. 1966ರಲ್ಲಿ ಅದು ಪುಸ್ತಕವಾಯಿತು. ಮೊದಲ ಮುದ್ರಣದ 3,000 ಪ್ರತಿಗಳು ಮೂರು ತಿಂಗಳೊಳಗೆ ಮುಗಿದವು.

ಇಲ್ಲಿ ಹೊಸದೇನು? ಬರೆದವನೇ ಬಿಚ್ಚಿ ಜೋಡಿಸಿದ್ದಾನೆ ಎಂಬುದು. ಯಾವ ಬೋಲ್ಟಿಗೆ ಕೈ ತಾಗುವುದಿಲ್ಲ, ಯಾವುದನ್ನು ತೆಗೆಯಲು ಇನ್ಯಾವುದನ್ನು ಮೊದಲು ಸಡಿಲಿಸಬೇಕು, ವಿಶೇಷ ಟೂಲ್ ಇಲ್ಲದಿದ್ದರೆ ಯಾವುದರಲ್ಲಿ ಕೆಲಸ ಸಾಗಿಸಬಹುದು, ಇಂಥವು ಕಾರ್ಖಾನೆಯ ಡ್ರಾಯಿಂಗ್ ನೋಡಿ ಬರೆದವನಿಗೆ ತೋಚುವುದಿಲ್ಲ. ಎಂಜಿಬಿಯೂ ಸೇರಿದಂತೆ ನೂರಾರು ಕಾರುಗಳ ಮ್ಯಾನ್ಯುಯಲ್‌ಗಳು ಇದೇ ಅಚ್ಚಿನಲ್ಲಿ ಬಂದವು. ಮನೆ ರಿಪೇರಿಯನ್ನು ಬೆಳೆಸಿದ್ದು ಅಗ್ಗದ ಟೂಲುಗಳು ಎಂದು ಕೆಲವರು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಸ್ಪ್ಯಾನರು ಮೊದಲೂ ಇತ್ತು. ಬಿಚ್ಚಿದ್ದನ್ನು ಮತ್ತೆ ಜೋಡಿಸಬಲ್ಲೆ ಎಂಬ ಧೈರ್ಯ ಇರಲಿಲ್ಲ.

ಒಂದೇ ಇಂಜಿನ್, ಎರಡು ಪರಂಪರೆ

ಎಂಜಿಬಿಯ 1798 ಸಿಸಿ ಇಂಜಿನ್ ಎಂಜಿಯ ಮಾತೃಸಂಸ್ಥೆ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬಕ್ಕೆ ಸೇರಿದ್ದು. ಕನ್ನಡ ಓದುಗರಿಗೆ ಈ ಕುಟುಂಬ ಹೊಸದಲ್ಲ: ನಮ್ಮ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ ಕೂಡ ಇದೇ ವಂಶದ್ದು. (ಇಂದು ನಮ್ಮ ರಸ್ತೆಗಳಲ್ಲಿ ಎಂಜಿ ಬ್ಯಾಡ್ಜ್ ಹೊತ್ತು ಓಡುವ ಹೆಕ್ಟರ್‌ಗಿಂತ ಹಳೆಯ ಅಂಬಾಸಿಡರ್ ಎಂಜಿಬಿಗೆ ಹತ್ತಿರದ ನೆಂಟ ಎಂದರೆ ಅಚ್ಚರಿಯಾಗಬಹುದು.)

ಈ ಇಂಜಿನ್ನಿಗೆ ಮನೆಯಲ್ಲೇ ಮಾಡುವ ಕೆಲಸಕ್ಕೆ ಉದಾಹರಣೆಯಾಗಿ ಟ್ಯಾಪೆಟ್ ಸೆಟ್ಟಿಂಗನ್ನು ತೆಗೆದುಕೊಳ್ಳೋಣ. ಇಂಜಿನ್ ತಣ್ಣಗಿರಬೇಕು, ವಾಲ್ವಿಗೂ ರಾಕರಿಗೂ ನಡುವೆ ಇಂಚಿನ ಸಾವಿರ ಭಾಗಗಳಲ್ಲಿ ಹದಿನೈದರಷ್ಟು ಸಂದಿ ಇರಬೇಕು. ಅದನ್ನು ಅಳೆಯಲು ಫೀಲರ್ ಗೇಜ್. ಎಂಟು ವಾಲ್ವುಗಳಲ್ಲಿ ಯಾವುದನ್ನು ಯಾವಾಗ ಹೊಂದಿಸಬೇಕು ಎಂಬುದಕ್ಕೆ ಒಂಬತ್ತರ ಲೆಕ್ಕವಿದೆ. ಎಂಟನೆಯ ವಾಲ್ವ್ ಪೂರ್ತಿ ತೆರೆದಿರುವಾಗ ಒಂದನೆಯದು, ಆರನೆಯದು ತೆರೆದಿರುವಾಗ ಮೂರನೆಯದು. ಎರಡನ್ನೂ ಕೂಡಿದರೆ ಒಂಬತ್ತು ಬರಬೇಕು. ಎಂಜಿಬಿಗೆ ಕೈಯಿಂದ ತಿರುಗಿಸುವ ಹ್ಯಾಂಡಲ್ ಇಲ್ಲದ್ದರಿಂದ, ಪ್ಲಗ್ಗುಗಳನ್ನು ಕಳಚಿ, ನಾಲ್ಕನೇ ಗೇರಿಗೆ ಹಾಕಿ, ಕಾರನ್ನೇ ಅಂಗುಲ ಅಂಗುಲ ತಳ್ಳಿ ಇಂಜಿನ್ ತಿರುಗಿಸುವುದು ಮನೆಯವರ ಉಪಾಯ.

ಜೋಡಿ ಎಸ್‌ಯು ಕಾರ್ಬುರೇಟರುಗಳ ಹೊಂದಾಣಿಕೆ ಇನ್ನೂ ಸೂಕ್ಷ್ಮ. ಎರಡೂ ಒಂದೇ ಪ್ರಮಾಣದ ಗಾಳಿ ಎಳೆಯುತ್ತಿವೆಯೇ ಎಂದು ತಿಳಿಯಲು, ರಬ್ಬರ್ ಕೊಳವೆಯ ಒಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೆ, ಇನ್ನೊಂದನ್ನು ಕಿವಿಗೆ ಹಿಡಿದು, ಎರಡರ ‘ಸ್ಸ್’ ಸದ್ದು ಸಮನಾಗುವವರೆಗೆ ಸ್ಕ್ರೂ ತಿರುಗಿಸಬೇಕು. ಆಮೇಲೆ ಒಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ನೋಡಬೇಕು. ಇಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ; ಮುಗ್ಗರಿಸಿ ಆಫ್ ಆದರೆ ಕಡಿಮೆ; ಒಂದು ಗಳಿಗೆ ಏರಿ ಮತ್ತೆ ಮೊದಲಿನಂತಾದರೆ ಸರಿ. ಈ ಪರೀಕ್ಷೆಗೆ ಬೇಕಾದದ್ದು ಕಿವಿ ಮತ್ತು ತಾಳ್ಮೆ. ಎರಡನ್ನೂ ಯಾವ ಡೀಲರೂ ಮಾರುವುದಿಲ್ಲ.

ಇದೇ ಕೆಲಸಗಳು ಭಾರತದಲ್ಲೂ ನಡೆದವು, ಬೇರೆ ರೀತಿಯಲ್ಲಿ. ಬ್ರಿಟನ್ನಿನಲ್ಲಿ ಮೆಕ್ಯಾನಿಕ್ಕಿನ ಕೂಲಿ ದುಬಾರಿಯಾದಂತೆ ಮಾಲೀಕನೇ ಕಾರಿನಡಿ ಮಲಗಿದ, ತಿಳಿವಳಿಕೆ ಅಚ್ಚಿನ ಮೂಲಕ ಹರಡಿತು. ನಮ್ಮಲ್ಲಿ ಕೂಲಿ ಅಗ್ಗ. ಮಾಲೀಕ ಕುರ್ಚಿ ಹಾಕಿಸಿಕೊಂಡು ಕೂತ. ಟ್ಯಾಪೆಟ್ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿಯಿಂದ ಹೆಲ್ಪರ್ ಹುಡುಗನಿಗೆ ವಿದ್ಯೆ ದಾಟಿತು, ಕಾಗದಕ್ಕೆ ಇಳಿಯಲಿಲ್ಲ. ಅದರ ಗುಣಮಟ್ಟದ ಬಗ್ಗೆ ನನಗೆ ಅನುಮಾನವಿಲ್ಲ. ಮೇಸ್ತ್ರಿಯೊಂದಿಗೆ ಅದೂ ಹೋಗುತ್ತದೆ ಎಂಬುದಷ್ಟೇ ಚರಿತ್ರೆ ಬರೆಯುವವನ ದುಃಖ.

ತುಕ್ಕಿನ ದೊಡ್ಡ ಅಧ್ಯಾಯ

ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯ ತಗಡುಗಳೇ ಪೆಟ್ಟಿಗೆಯಾಗಿ ಬೆಸೆದು ಭಾರ ಹೊರುತ್ತವೆ. ಅದರಲ್ಲೂ ಛಾವಣಿಯಿಲ್ಲದ ರೋಡ್‌ಸ್ಟರ್ ಮಾದರಿಯಲ್ಲಿ ಬಾಗಿಲಿನ ಕೆಳಗೆ ಉದ್ದಕ್ಕೆ ಸಾಗುವ ಸಿಲ್ ಎಂಬ ಭಾಗವೇ ಬೆನ್ನೆಲುಬು. ಮುಂದಿನ ಚಕ್ರ ಎರಚಿದ ಕೆಸರು ಮಡ್‌ಗಾರ್ಡಿನ ಹಿಂಬದಿಯಲ್ಲಿ ಕೂತು, ತೇವ ಹಿಡಿದು, ಸಿಲ್ಲನ್ನು ಒಳಗಿನಿಂದ ತಿನ್ನುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಚೆಲ್ಲುವ ಉಪ್ಪು ಇದಕ್ಕೆ ಇನ್ನಷ್ಟು ಚುರುಕು ಕೊಡುತ್ತದೆ. ಹೊರಗೆ ಪೇಂಟು ಉಬ್ಬಿದ್ದು ಕಾಣುವ ಹೊತ್ತಿಗೆ ಒಳಗಿನದು ಮುಗಿದಿರುತ್ತದೆ.

1960ರಲ್ಲಿ ಅಲ್ಲಿನ ಸರ್ಕಾರ ಎಂಒಟಿ ಎಂಬ ವಾರ್ಷಿಕ ತಪಾಸಣೆ ತಂದಿತು. ಮೊದಲು ಹತ್ತು ವರ್ಷ ದಾಟಿದ ಕಾರುಗಳಿಗಷ್ಟೇ. 1967ರ ಹೊತ್ತಿಗೆ ಮೂರು ವರ್ಷ ತುಂಬಿದವಕ್ಕೂ. ಆರಂಭದಲ್ಲಿ ನೋಡುತ್ತಿದ್ದದ್ದು ಬ್ರೇಕು, ಲೈಟು, ಸ್ಟಿಯರಿಂಗ್. ತೂತಿಗೆ ಪುಟ್ಟಿ ಮೆತ್ತಿ ಮೇಲೆ ಪೇಂಟು ಬಳಿದರೆ ನಡೆಯುತ್ತಿತ್ತು. 1977ರಲ್ಲಿ ಬಾಡಿಯ ಬಲವನ್ನೂ ತಪಾಸಣೆಗೆ ಸೇರಿಸಿದರು. ಹಳೆಯ ಎಂಜಿಬಿಯ ಮಾಲೀಕನ ಮುಂದೆ ಆಗ ಉಳಿದದ್ದು ಎರಡೇ ದಾರಿ: ಗುಜರಿಗೆ ಹಾಕುವುದು, ಇಲ್ಲವೇ ವೆಲ್ಡಿಂಗ್ ಕಲಿಯುವುದು.

ಸಿಲ್ ಬದಲಿಸುವ ಕೆಲಸ ಹೊರಗಿನ ತಗಡು ಕತ್ತರಿಸಿ ಹೊಸದು ಅಂಟಿಸಿದಷ್ಟು ಸರಳವಲ್ಲ. ಅದರ ಹಿಂದೆ ನಡುಪದರದ ತಗಡು, ಒಳಸಿಲ್, ಅಡಿಯಲ್ಲಿ ಕ್ಯಾಸಲ್ ರೈಲ್ ಎಂಬ ಮಡಿಕೆಯ ಪಟ್ಟಿ ಇವೆ. ಹೊರಸಿಲ್ಲಿನ ಎರಡು ತುದಿಗಳೂ ಮಡ್‌ಗಾರ್ಡುಗಳ ಅಡಿಗೆ ಹೊಕ್ಕಿರುವುದರಿಂದ ಅವುಗಳ ಕೆಳಭಾಗವನ್ನೂ ಕತ್ತರಿಸಬೇಕು. ಹಳೆಯದನ್ನು ತೆಗೆದ ಕೂಡಲೇ ಕಾರಿನ ನಡು ಕುಸಿಯಲು ಶುರು. ಹಾಗಾಗಿ ತಿಳಿದವರು ಬಾಡಿಯ ಅಡಿಗೆ ಸರಿಯಾದ ಜಾಗಗಳಲ್ಲಿ ಆಸರೆ ಕೊಟ್ಟು, ಬಾಗಿಲನ್ನು ಕಳಚದೆ ಅಲ್ಲೇ ಬಿಟ್ಟು, ಅದರ ಸುತ್ತಲಿನ ಸಂದಿಯನ್ನು ಪದೇ ಪದೇ ನೋಡುತ್ತಾ ಒಂದೊಂದೇ ಬೆಸುಗೆ ಹಾಕುತ್ತಾರೆ. ಅವಸರಪಟ್ಟವರ ಕಾರಿಗೆ ಹೊಳೆಯುವ ಹೊಸ ಸಿಲ್ ಇರುತ್ತದೆ, ಬಾಗಿಲು ಮಾತ್ರ ಹಾಕಲು ಬರುವುದಿಲ್ಲ.

ಸಾಮಾನ್ಯ ಆರ್ಕ್ ವೆಲ್ಡಿಂಗ್ ತೆಳು ತಗಡನ್ನು ಸುಟ್ಟು ತೂತು ಮಾಡುತ್ತದೆ. 1980ರ ದಶಕದಲ್ಲಿ ಮನೆಬಳಕೆಯ ಪುಟ್ಟ ಮಿಗ್ ವೆಲ್ಡಿಂಗ್ ಮೆಷಿನ್ನುಗಳು ಕೈಗೆಟುಕಿದಾಗ ಈ ತೊಡಕು ಕಳೆಯಿತು. 1980ರಲ್ಲೇ ಶುರುವಾದ ‘ಪ್ರಾಕ್ಟಿಕಲ್ ಕ್ಲಾಸಿಕ್ಸ್’ ಪತ್ರಿಕೆ ಕಾರು ಕಟ್ಟುವ ಕೆಲಸವನ್ನು ಚಿತ್ರಸಹಿತ ತೋರಿಸತೊಡಗಿತು. 1973ರಲ್ಲಿ ಹುಟ್ಟಿದ ಎಂಜಿ ಓನರ್ಸ್ ಕ್ಲಬ್ ಅಷ್ಟರಲ್ಲಿ ಬೆಳೆದು ನಿಂತಿತ್ತು. ಮೂರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕೂಡಿದ್ದು ಕಾಕತಾಳೀಯ ಎನ್ನಲಾರೆ. ಕಾರ್ಖಾನೆ ಆಗಷ್ಟೇ ಮುಚ್ಚಿತ್ತು. ಹೊಸ ಎಂಜಿಬಿ ಇನ್ನು ಬರುವುದಿಲ್ಲವೆಂದ ಮೇಲೆ ಹಳೆಯದರ ಬೆಲೆ ತಿಳಿಯಿತು.

ಹಳೆಯ ಕಾರುಗಳ ಬಿಡಿಭಾಗ ನೋಡಿಕೊಳ್ಳಲೆಂದು 1975ರಲ್ಲಿ ಹುಟ್ಟಿದ ಬ್ರಿಟಿಷ್ ಮೋಟರ್ ಹೆರಿಟೇಜ್, ಚದುರಿಹೋಗಿದ್ದ ಮೂಲ ಪ್ರೆಸ್ ಡೈಗಳನ್ನು ಕಲೆಹಾಕಿ 1988ರಲ್ಲಿ ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸಿ ಮಾರತೊಡಗಿತು. ಅದನ್ನೇ ಮಾರ್ಪಡಿಸಿ 1992ರಲ್ಲಿ ಎಂಜಿ ಆರ್‌ವಿ8 ಎಂಬ ಕಾರನ್ನೂ ತಂದರು. ಸುಮಾರು ಎರಡು ಸಾವಿರ ತಯಾರಾದವು, ಹೆಚ್ಚಿನವು ಜಪಾನಿಗೆ ಹೋದವು. ಮನೆಯಂಗಳದ ರಿಪೇರಿಯವರು ಹುಟ್ಟಿಸಿದ ಬೇಡಿಕೆ ಆ ಮೂಲ ಡೈಗಳನ್ನೇ ಮತ್ತೆ ಕೆಲಸಕ್ಕೆ ಹಚ್ಚಿತು.

ಯಾವುದು ಮೂಲ ಕಾರು?

ಇತ್ತೀಚಿನ ತೊಡಕುಗಳಲ್ಲಿ ಪೆಟ್ರೋಲಿನದು ಒಂದು. 2000ದಲ್ಲಿ ಬ್ರಿಟನ್ನಿನಲ್ಲೂ ಭಾರತದಲ್ಲೂ ಸೀಸ ಬೆರೆಸಿದ ಪೆಟ್ರೋಲ್ ನಿಂತು, ಹಳೆಯ ಇಂಜಿನ್ನುಗಳಿಗೆ ಗಟ್ಟಿ ವಾಲ್ವ್ ಸೀಟು ಕೂರಿಸಬೇಕಾಯಿತು. ಈಗ ಎಥೆನಾಲ್ ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತಿದೆ. ಇವೆಲ್ಲ ಭಾಗ ಬದಲಿಸಿದರೆ ಮುಗಿಯುವ ಕೆಲಸ.

ಇಷ್ಟೆಲ್ಲ ಬದಲಿಸಿದ ಮೇಲೆ ಇದು ಮೂಲ ಕಾರೇ ಎಂಬ ಕಾನೂನಿನ ಗಂಟು ಹಾಗೆ ಬಿಚ್ಚುವುದಿಲ್ಲ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾ 2013ರಲ್ಲಿ ಒಪ್ಪಿದ ಟುರಿನ್ ಸನ್ನದು ಹಳೆಯ ಭಾಗಗಳನ್ನು ಆದಷ್ಟು ಉಳಿಸಿಕೊಳ್ಳಬೇಕೆನ್ನುತ್ತದೆ. ಭಾರತ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಅಕ್ಷರಗಳ ನಂಬರ್ ಪ್ಲೇಟು ಕೊಡುತ್ತದೆ, 20,000 ರೂಪಾಯಿ ಶುಲ್ಕದೊಂದಿಗೆ. ಷರತ್ತು ಏನೆಂದರೆ ವಾಹನ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನ್ ಭಾರೀ ಬದಲಾವಣೆ ಕಂಡಿರಬಾರದು. ಬ್ರಿಟನ್ನಿನ ಲೆಕ್ಕ ಬೇರೆ. ಬಹಳಷ್ಟು ಮಾರ್ಪಾಡಾದ ಕಾರು ತನ್ನ ಹಳೆಯ ನೋಂದಣಿ ಸಂಖ್ಯೆ ಉಳಿಸಿಕೊಳ್ಳಲು ಎಂಟು ಅಂಕ ಗಳಿಸಬೇಕೆಂಬ ಪದ್ಧತಿ ಅಲ್ಲಿ ಬಹುಕಾಲ ನಡೆಯಿತು. ಬಾಡಿಗೆ ಐದು ಅಂಕ. ತಯಾರಕರಿಂದಲೇ ಕೊಂಡ ರಸೀದಿ ಇದ್ದರೆ ಹೊಚ್ಚ ಹೊಸ ಬಾಡಿಗೂ ಅದೇ ಐದು. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟಿಯರಿಂಗ್ ತಲಾ ಎರಡು. ಒಂಬತ್ತರ ಲೆಕ್ಕ ಹಾಕಿ, ಕೊಳವೆ ಹಿಡಿದು ಕಿವಿಗೊಟ್ಟು ಸರಿಪಡಿಸಿದ ಆ ಇಂಜಿನ್ನಿಗೆ ಸಿಕ್ಕಿದ್ದು ಒಂದೇ ಅಂಕ.