ಬೆಂಗಳೂರು–ಕೇರಳ ಡರ್ಬಿ: ಕಂಠೀರವದಲ್ಲಿ ಹಳದಿ ಬಣ್ಣ ಯಾಕೆ ಅಷ್ಟು ಕಾಣುತ್ತೆ?

ಡರ್ಬಿ ಅಂದರೆ ಸಾಮಾನ್ಯವಾಗಿ ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ಎರಡು ತಂಡಗಳ ಜಿದ್ದಾಜಿದ್ದಿ. ಕೋಲ್ಕತ್ತದ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಹೀಗೆ ಕಾದಾಡಲು ಶುರುಮಾಡಿ ಸುಮಾರು ನೂರು ವರ್ಷ ಆಯಿತು. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಜಗಳಕ್ಕೆ ಅಷ್ಟು ವಯಸ್ಸಾಗಿಲ್ಲ. ಮೊದಲ ಕ್ಲಬ್ ಹುಟ್ಟಿದ್ದು 2013ರಲ್ಲಿ, ಎರಡನೆಯದು 2014ರಲ್ಲಿ. ಬೆಂಗಳೂರಿಗೂ ಕೊಚ್ಚಿಗೂ ರಸ್ತೆಯಲ್ಲಿ ಸುಮಾರು 550 ಕಿ.ಮೀ. ದೂರ. ದೂರವೇ ಲೆಕ್ಕವಾಗಿದ್ದರೆ ನಮ್ಮ ಕಡುವೈರಿ ಚೆನ್ನೈ ಆಗಬೇಕಿತ್ತು, ಅದು 350 ಕಿ.ಮೀ. ಆಸುಪಾಸಿನಲ್ಲೇ ಇದೆ.

ಆದರೂ ಇವತ್ತು ದಕ್ಷಿಣ ಭಾರತದ ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಬಿಸಿ ಏರುವುದು ಈ ಎರಡು ತಂಡಗಳು ಎದುರಾದಾಗ. ಯಾಕೆ? ಈ ಜಿದ್ದು ಎಲ್ಲಿಂದ ಬಂತು, 2023ರ ಆ ರಾತ್ರಿ ನಿಜಕ್ಕೂ ಏನಾಯಿತು, ಇದರಿಂದ ಕರ್ನಾಟಕದ ಫುಟ್‌ಬಾಲ್‌ಗೆ ಸಿಕ್ಕಿದ್ದೇನು? ಒಂದೊಂದಾಗಿ ನೋಡೋಣ.

ಎರಡು ಕ್ಲಬ್, ಎರಡು ಲೀಗ್

2017ರವರೆಗೆ ಈ ಎರಡು ತಂಡಗಳು ಲೀಗ್‌ನಲ್ಲಿ ಎದುರಾಗುವ ಪ್ರಶ್ನೆಯೇ ಇರಲಿಲ್ಲ. ಆಗ ದೇಶದಲ್ಲಿ ಎರಡು ಲೀಗ್ ಒಟ್ಟೊಟ್ಟಿಗೆ ಇದ್ದವು. ಜೆಎಸ್‌ಡಬ್ಲ್ಯೂ ಒಡೆತನದ ಬೆಂಗಳೂರು ಎಫ್‌ಸಿ ಐ-ಲೀಗ್‌ನಲ್ಲಿತ್ತು. ಸಚಿನ್ ತೆಂಡೂಲ್ಕರ್ ಸಹ ಒಡೆತನದಲ್ಲಿ ಶುರುವಾದ ಕೇರಳ ಬ್ಲಾಸ್ಟರ್ಸ್ ಐಎಸ್‌ಎಲ್‌ನಲ್ಲಿತ್ತು. 'ಮಾಸ್ಟರ್ ಬ್ಲಾಸ್ಟರ್' ಅನ್ನುವ ಸಚಿನ್ ಬಿರುದೇ ಕ್ಲಬ್ಬಿನ ಹೆಸರಾಯಿತು. 2018ರಲ್ಲಿ ಸಚಿನ್ ಹೊರನಡೆದರು, ಹೆಸರು ಉಳಿಯಿತು.

ಬೆಂಗಳೂರು ಎಫ್‌ಸಿ ಮೊದಲ ಪ್ರಯತ್ನದಲ್ಲೇ 2013–14ರ ಐ-ಲೀಗ್ ಗೆದ್ದಿತು, 2015–16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಇತ್ತ ಬ್ಲಾಸ್ಟರ್ಸ್ 2014 ಮತ್ತು 2016ರಲ್ಲಿ ಐಎಸ್‌ಎಲ್ ಫೈನಲ್ ಸೋತಿತು. ಎರಡನೆಯದಂತೂ ತವರು ಕೊಚ್ಚಿಯಲ್ಲೇ, ಪೆನಾಲ್ಟಿ ಶೂಟೌಟ್‌ನಲ್ಲಿ. 2022ರಲ್ಲಿ ಮೂರನೇ ಫೈನಲ್, ಮತ್ತೆ ಪೆನಾಲ್ಟಿ, ಮತ್ತೆ ಸೋಲು. ಒಬ್ಬರ ಕಪಾಟಿನಲ್ಲಿ ಟ್ರೋಫಿಗಳು, ಇನ್ನೊಬ್ಬರ ಸ್ಟೇಡಿಯಂನಲ್ಲಿ ಜನ. ಜಿದ್ದಿಗೆ ಬೇಕಾದ ಮೊದಲ ಸಾಮಗ್ರಿ ಅಲ್ಲೇ ಸಿಕ್ಕಿತ್ತು.

ಅದಕ್ಕೂ ಮುಂಚೆ ಈ ಎರಡು ಕ್ಲಬ್ಬುಗಳ ನಡುವೆ ಇದ್ದದ್ದು ಕೊಡು–ಕೊಳ್ಳುವ ನಂಟು. ಕಣ್ಣೂರಿನ ಸಿ.ಕೆ. ವಿನೀತ್ ಐ-ಲೀಗ್ ಸಮಯದಲ್ಲಿ ಬೆಂಗಳೂರಿನ ನೀಲಿ ಅಂಗಿ ತೊಡುತ್ತಿದ್ದರು, ಐಎಸ್‌ಎಲ್ ಬಂದರೆ ಕೇರಳದ ಹಳದಿ ಅಂಗಿ. 2017ರ ಮೇನಲ್ಲಿ ಕಟಕ್‌ನಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಬೆಂಗಳೂರಿನ ಎರಡೂ ಗೋಲ್ ಹೊಡೆದದ್ದು ಇದೇ ವಿನೀತ್. ಆಮೇಲೆ ಅವರು ಪೂರ್ತಿಯಾಗಿ ಬ್ಲಾಸ್ಟರ್ಸ್ ಸೇರಿದರು. ತ್ರಿಶೂರಿನ ರಿನೋ ಆಂಟೋ ಕೂಡ ಎರಡೂ ಅಂಗಿ ತೊಟ್ಟವರು. ಅಂದರೆ ಬೆಂಗಳೂರಿನ ಮೊದಲ ದಿನಗಳ ಯಶಸ್ಸಿನಲ್ಲಿ ಮಲಯಾಳಿ ಕಾಲುಗಳ ಪಾಲು ಸಣ್ಣದಲ್ಲ.

ಹೊಸ ವರ್ಷದ ಹಿಂದಿನ ರಾತ್ರಿ

2017ರಲ್ಲಿ ಬೆಂಗಳೂರು ಎಫ್‌ಸಿ ಐಎಸ್‌ಎಲ್‌ಗೆ ಬಂತು. ಮೊದಲ ಮುಖಾಮುಖಿ 2017ರ ಡಿಸೆಂಬರ್ 31ರಂದು, ಕೊಚ್ಚಿಯ ಕಲೂರ್ ಸ್ಟೇಡಿಯಂನಲ್ಲಿ. ಸುನಿಲ್ ಛೆಟ್ರಿ ಪೆನಾಲ್ಟಿಯಲ್ಲಿ ಗೋಲ್ ಹೊಡೆದರು, ಪಂದ್ಯದ ಕೊನೆಯಲ್ಲಿ ವೆನೆಜುವೆಲಾದ ಮಿಕು ಇನ್ನೆರಡು ಸೇರಿಸಿದರು. 3–1. ಕೇರಳದವರ ಹೊಸ ವರ್ಷದ ಸಂಭ್ರಮಕ್ಕೆ ನೀರು ಬಿತ್ತು.

ಅಲ್ಲಿಂದ ಬ್ಲಾಸ್ಟರ್ಸ್ ಬೆಂಗಳೂರನ್ನು ಮೊದಲ ಸಲ ಸೋಲಿಸಲು ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. 2020ರ ಫೆಬ್ರುವರಿಯಲ್ಲಿ ಕೊಚ್ಚಿಯಲ್ಲಿ ಒಗ್ಬೆಚೆ ಹೊಡೆದ ಎರಡು ಗೋಲ್‌ಗಳಿಂದ 2–1ರ ಗೆಲುವು ಸಿಕ್ಕಿತು. ಅದರ ಬೆನ್ನಲ್ಲೇ ಕೋವಿಡ್ ಬಂತು, ಪಂದ್ಯಗಳೆಲ್ಲ ಗೋವಾದ ಖಾಲಿ ಸ್ಟೇಡಿಯಂಗಳಿಗೆ ಹೋದವು. ಜನರೇ ಇಲ್ಲದ ಡರ್ಬಿ ಅಂದರೆ ಉಪ್ಪಿಲ್ಲದ ಸಾರು. 2022–23ರಲ್ಲಿ ಜನ ವಾಪಸ್ ಬಂದರು. ಒತ್ತಿಟ್ಟಿದ್ದ ಬಿಸಿಯೆಲ್ಲ ಒಂದೇ ಸಲ ಹೊರಬಂತು.

ಮಾರ್ಚ್ 3, 2023: ವಿಷಲ್ ಬೇಕಿತ್ತಾ?

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಾಕೌಟ್ ಪ್ಲೇ-ಆಫ್. ಸೋತವರು ಮನೆಗೆ. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯದ ಶುರುವಿನಲ್ಲೇ ಬೆಂಗಳೂರಿಗೆ ಪೆನಾಲ್ಟಿ ಬಾಕ್ಸ್ ಹೊರಗೆ ಒಂದು ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಆಟಗಾರರು ಇನ್ನೂ ಗೋಡೆ ಕಟ್ಟುತ್ತಿದ್ದರು, ಗೋಲ್‌ಕೀಪರ್ ತನ್ನ ಜಾಗದಲ್ಲಿರಲಿಲ್ಲ. ಛೆಟ್ರಿ ಸುಮ್ಮನೆ ಚೆಂಡನ್ನು ಮೇಲಿಂದ ನೆಟ್‌ಗೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲ್ ಕೊಟ್ಟರು. ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಅವರು ವಾಪಸ್ ಬರಲೇ ಇಲ್ಲ. ಬೆಂಗಳೂರು 1–0ಯಿಂದ ಗೆದ್ದಿದೆ ಎಂದು ಘೋಷಿಸಲಾಯಿತು.

ನಾನು ಎಂಜಿನಿಯರಿಂಗ್ ಓದಿದವನು, ಜಗಳ ಅಂದರೆ ಮೊದಲು ಮ್ಯಾನ್ಯುಯಲ್ ತೆಗೆಯುವ ಚಟ. ಫುಟ್‌ಬಾಲ್ ನಿಯಮದ ಪ್ರಕಾರ ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ಇರಬೇಕು. ಆದರೆ ಈ ದೂರದ ಹಕ್ಕು ಇರುವುದು ಫ್ರೀ ಕಿಕ್ ಸಿಕ್ಕಿದ ತಂಡಕ್ಕೆ. ಆ ಹಕ್ಕು ಬೇಡ ಅಂತ ಅವರು ಬಿಟ್ಟುಕೊಟ್ಟರೆ ತಕ್ಷಣ ಹೊಡೆಯಬಹುದು, ಅದಕ್ಕೆ ವಿಷಲ್ ಬೇಕಿಲ್ಲ. ಗೋಡೆಯನ್ನು ಹಿಂದೆ ಸರಿಸುವ ಕೆಲಸಕ್ಕೆ ರೆಫರಿ ಕೈಹಾಕಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಆಟ ಮತ್ತೆ ಶುರುವಾಗಲು ವಿಷಲ್ ಕಡ್ಡಾಯ.

ಇಡೀ ವಿವಾದ ನಿಂತಿರುವುದು ಈ ಒಂದು ಪಾಯಿಂಟ್ ಮೇಲೆ. ವಿಷಲ್ಲೂ ಬೇಡ, ಗೋಡೆಯೂ ಬೇಡ ಅಂತ ರೆಫರಿಗೆ ಹೇಳಿದ್ದೆ ಎಂಬುದು ಛೆಟ್ರಿ ಆಮೇಲೆ ಕೊಟ್ಟ ವಿವರಣೆ. ನಾವು ಸಿದ್ಧರಾಗುವ ಮೊದಲೇ ಹೊಡೆದದ್ದು ಸರಿಯಲ್ಲ ಎಂಬುದು ಬ್ಲಾಸ್ಟರ್ಸ್ ತಕರಾರು. ಐಎಸ್‌ಎಲ್‌ನಲ್ಲಿ ಆಗ ವಿಡಿಯೊ ರೆಫರಿ ವ್ಯವಸ್ಥೆಯೂ ಇರಲಿಲ್ಲ. ನನ್ನ ಓದಿನ ಪ್ರಕಾರ ಛೆಟ್ರಿ ಮಾಡಿದ್ದು ನಿಯಮದೊಳಗೇ ಇದೆ. ಆದರೆ ಎರಡೂ ತಂಡಕ್ಕೆ ಕಾಣುವಂತೆ ರೆಫರಿ ಒಂದು ಸನ್ನೆ ಮಾಡಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಬಿಟ್ಟುಹೋದದ್ದನ್ನು ಮಾತ್ರ ಸಮರ್ಥಿಸಲು ಆಗಲ್ಲ. ಅನ್ಯಾಯ ಆಗಿದೆ ಅನ್ನಿಸಿದರೆ ಪಂದ್ಯ ಮುಗಿಸಿ ದೂರು ಕೊಡುವ ದಾರಿ ಇದ್ದೇ ಇತ್ತು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ರೂಪಾಯಿ ದಂಡ. ಪಂದ್ಯ ಮತ್ತೆ ಆಡಿಸಿ ಎಂಬ ಬೇಡಿಕೆ ಬಿದ್ದುಹೋಯಿತು. ಆದರೆ ಕೊಚ್ಚಿ ವಿಮಾನ ನಿಲ್ದಾಣದಲ್ಲಿ ಅಭಿಮಾನಿಗಳು ಆ ಕೋಚ್‌ನನ್ನು ಸ್ವಾಗತಿಸಿದ್ದು ಯುದ್ಧ ಗೆದ್ದು ಬಂದ ಸೇನಾಪತಿಯ ಹಾಗೆ. ದೇಶದ ಎಲ್ಲ ಮೂಲೆಗಳಲ್ಲೂ ಪ್ರೀತಿ ಗಳಿಸಿದ್ದ ಛೆಟ್ರಿಗೆ ಸಾಮಾಜಿಕ ಜಾಲತಾಣದಲ್ಲಿ ಬೈಗುಳದ ಮಳೆ.

2023ರ ಸೆಪ್ಟೆಂಬರ್ 21ರಂದು ಹೊಸ ಸೀಸನ್ನಿನ ಮೊದಲ ಪಂದ್ಯವನ್ನೇ ಇವರಿಬ್ಬರ ನಡುವೆ ಇಟ್ಟರು. ಕೊಚ್ಚಿಯಲ್ಲಿ ಬ್ಲಾಸ್ಟರ್ಸ್ 2–1ರಿಂದ ಗೆದ್ದಿತು. ಜಗಳವನ್ನು ಮಾರುವುದು ಹೇಗೆ ಅಂತ ಲೀಗ್‌ಗೂ ಗೊತ್ತಾಗಿತ್ತು. 2024ರ ಡಿಸೆಂಬರ್ 7ರಂದು ಕಂಠೀರವದಲ್ಲಿ 40 ವರ್ಷದ ಛೆಟ್ರಿ ಹ್ಯಾಟ್ರಿಕ್ ಹೊಡೆದರು, ಬೆಂಗಳೂರು 4–2ರಿಂದ ಗೆದ್ದಿತು. ಐಎಸ್‌ಎಲ್‌ನಲ್ಲಿ ಅಷ್ಟು ವಯಸ್ಸಿನಲ್ಲಿ ಹ್ಯಾಟ್ರಿಕ್ ಹೊಡೆದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ.

ನೆರೆಯವರು ಇರುವುದು ಎಲ್ಲಿ?

ಈಗ ಮೊದಲ ಪ್ರಶ್ನೆಗೆ ಬರೋಣ. ಚೆನ್ನೈ ಬಿಟ್ಟು ಕೇರಳ ಯಾಕೆ?

ಉತ್ತರ ಮಡಿವಾಳದಲ್ಲಿದೆ. ಶುಕ್ರವಾರ ಸಂಜೆ ಅಲ್ಲಿ ಹೋಗಿ ನಿಂತರೆ ತ್ರಿಶೂರು, ಕೋಳಿಕ್ಕೋಡು, ಎರ್ನಾಕುಲಂ ಬೋರ್ಡಿನ ಬಸ್ಸುಗಳ ಸಾಲು ಕಾಣುತ್ತದೆ. ಬೆಂಗಳೂರಿನ ಐಟಿ ಕಂಪನಿ, ಆಸ್ಪತ್ರೆ, ನರ್ಸಿಂಗ್ ಕಾಲೇಜು, ಬೇಕರಿ, ಎಲ್ಲೆಲ್ಲೂ ಮಲಯಾಳಿಗಳಿದ್ದಾರೆ. ನನ್ನ ಹಾಸ್ಟೆಲ್‌ನಲ್ಲೂ ಇದ್ದರು. ನಾವು ಕ್ರಿಕೆಟ್ ಸ್ಕೋರ್ ಕೇಳುತ್ತಿದ್ದಾಗ ಮಲಪ್ಪುರಂ ಹುಡುಗರು ರಾತ್ರಿ ಎರಡು ಗಂಟೆಗೆ ಎದ್ದು ಯುರೋಪಿನ ಫುಟ್‌ಬಾಲ್ ನೋಡುತ್ತಿದ್ದರು. ಊರಲ್ಲಿ ಗದ್ದೆ ಕೊಯ್ಲಾದ ಮೇಲೆ ನಡೆಯುವ 'ಸೆವೆನ್ಸ್' ಪಂದ್ಯಗಳ ಕಥೆ ಹೇಳಿದರೆ ಅವರ ಕಣ್ಣು ಹೊಳೆಯುತ್ತಿತ್ತು.

ಬ್ಲಾಸ್ಟರ್ಸ್ ಬೆಂಗಳೂರಿಗೆ ಬಂದಾಗ ಕಂಠೀರವದಲ್ಲಿ ತುಂಬುವ ಹಳದಿ ಅಂಗಿಗಳೆಲ್ಲ ಗಡಿ ದಾಟಿ ಬಂದವಲ್ಲ. ಬಹಳಷ್ಟು ಬಿಟಿಎಂ ಲೇಔಟ್‌ನಿಂದ, ಎಲೆಕ್ಟ್ರಾನಿಕ್ ಸಿಟಿಯಿಂದ, ಕೆ.ಆರ್. ಪುರಂನಿಂದ ಬಂದಿರುತ್ತವೆ. 'ಮಂಜಪ್ಪಡ' ಅಂದರೆ ಹಳದಿ ಪಡೆ. ಅದರ ಒಂದು ದೊಡ್ಡ ತುಕಡಿ ನಮ್ಮ ಊರಲ್ಲೇ ಬಾಡಿಗೆ ಕಟ್ಟಿಕೊಂಡಿದೆ. ಎದುರಿಗೆ ನೀಲಿ ಬಟ್ಟೆಯ 'ವೆಸ್ಟ್ ಬ್ಲಾಕ್ ಬ್ಲೂಸ್'. ಅಲ್ಲೂ ಕನ್ನಡಿಗರ ಪಕ್ಕದಲ್ಲಿ ತಮಿಳರು, ತೆಲುಗರು, ಈಶಾನ್ಯ ರಾಜ್ಯದವರು, ಮಲಯಾಳಿಗಳೂ ಇರುತ್ತಾರೆ. ಒಂದೇ ಆಫೀಸಿನ ಒಂದೇ ಟೀಮಿನ ಇಬ್ಬರು ಆ ದಿನ ಎರಡು ಕಡೆ ಕೂತಿರುತ್ತಾರೆ.

ಹಾಗಾಗಿ ಈ ಡರ್ಬಿಯನ್ನು ಎರಡು ರಾಜ್ಯಗಳ ನಡುವಿನ ಜಗಳ ಅನ್ನುವುದು ಅರ್ಧ ಮಾತ್ರ ನಿಜ. ಇದು ಬೆಂಗಳೂರಿನ ಒಳಗೇ ನಡೆಯುವ ಡರ್ಬಿ. ಊರು ಬಿಟ್ಟು ಬಂದವನಿಗೆ ವರ್ಷಕ್ಕೊಂದು ಸಂಜೆ ತನ್ನ ಊರಿನ ಹೆಸರನ್ನು ಗಂಟಲು ಹರಿಯುವಂತೆ ಕೂಗಲು ಒಂದು ಜಾಗ. ಅದರಲ್ಲಿ ತಪ್ಪೇನಿಲ್ಲ. ದುಬೈನಲ್ಲಿ ಕನ್ನಡ ರಾಜ್ಯೋತ್ಸವ ಮಾಡುವ ನಮಗೆ ಇದು ಬೇಗ ಅರ್ಥವಾಗಬೇಕು. 'ನಮ್ಮ ಊರಲ್ಲಿ ಇದ್ದುಕೊಂಡು ಅವರಿಗೆ ಕೂಗ್ತಾರೆ' ಅನ್ನುವ ಸಿಟ್ಟು ಪಂದ್ಯದ ದಿನ ಸ್ಟ್ಯಾಂಡಿನಲ್ಲಿ ಇರಲಿ, ಮಾರನೇ ದಿನ ಬಸ್ ಸ್ಟಾಪಿಗೆ ಬರಬಾರದು.

ಮಾರನೇ ದಿನ ನಡೆದದ್ದು

ಈ ಜಿದ್ದಿನ ಬಗ್ಗೆ ಬರೆಯುವವರು ಬಿಟ್ಟುಬಿಡುವ ಒಂದು ಸಂಗತಿ ಇದೆ. 2023ರ ಮಾರ್ಚ್ 3ರಂದು ಛೆಟ್ರಿ ಫ್ರೀ ಕಿಕ್ ಹೊಡೆದರು. ಮಾರನೇ ದಿನ, ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ! ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಅದರ ಹಿಂದಿನ ವರ್ಷ, 2022ರ ಏಪ್ರಿಲ್‌ನಲ್ಲಿ, ಇದೇ ಟೂರ್ನಿಯ ಸೆಮಿಫೈನಲ್‌ನಲ್ಲಿ ಕೇರಳ ನಮ್ಮನ್ನು ಮಂಜೇರಿಯಲ್ಲಿ 7–3ರಿಂದ ಬಡಿದು ಕಳಿಸಿತ್ತು. ಅಲ್ಲಿಂದ ಎದ್ದು ಬಂದ ಹುಡುಗರ ಗೆಲುವು ಅದು.

ಆ ವಾರ ನನ್ನ ಫೋನಿನಲ್ಲಿದ್ದ ಎಲ್ಲ ಗ್ರೂಪುಗಳೂ ಫ್ರೀ ಕಿಕ್ ಬಗ್ಗೆ ಹೊಡೆದಾಡುತ್ತಿದ್ದವು. ರಿಯಾದ್ ಬಗ್ಗೆ ಎರಡು ಚಪ್ಪಾಳೆ ಇಮೋಜಿ ಬಂದರೆ ಹೆಚ್ಚು.

ಕರ್ನಾಟಕದಲ್ಲಿ ಫುಟ್‌ಬಾಲ್ 2013ರಲ್ಲಿ ಹುಟ್ಟಿದ್ದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲ್ ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ. ಆಸ್ಟಿನ್ ಟೌನಿನ ಮೈದಾನ ಎಷ್ಟೋ ಆಟಗಾರರನ್ನು ಬೆಳೆಸಿದೆ. ಐಟಿಐ, ಎಚ್‌ಎಎಲ್ ತಂಡಗಳು ರಾಷ್ಟ್ರೀಯ ಮಟ್ಟದ ಲೀಗ್‌ನಲ್ಲಿ ಆಡಿವೆ, ಆಟಗಾರರಿಗೆ ಸಂಬಳದ ಕೆಲಸ ಕೊಟ್ಟಿವೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಸೂಪರ್ ಡಿವಿಷನ್ ಪಂದ್ಯ ನಡೆಯುವಾಗ ಒಮ್ಮೆ ಹೋಗಿ ನೋಡಿ. ನಾನು ಹೋದಾಗಲೆಲ್ಲ ಸ್ಟ್ಯಾಂಡಿನಲ್ಲಿ ಕಂಡದ್ದು ಆಟಗಾರರ ಮನೆಯವರು, ಕೆಲವು ಹಳೇ ಆಟಗಾರರು, ಅಷ್ಟೇ.

ಬ್ಲಾಸ್ಟರ್ಸ್ ಒಂದೂ ದೊಡ್ಡ ಟ್ರೋಫಿ ಗೆಲ್ಲದೆ ವರ್ಷಗಟ್ಟಲೆ ಜನರನ್ನು ಹಿಡಿದಿಟ್ಟುಕೊಂಡದ್ದು ಹೇಗೆ? ಸಹಲ್ ಅಬ್ದುಲ್ ಸಮದ್, ಕೆ.ಪಿ. ರಾಹುಲ್ ಅವರಂಥ ತಮ್ಮ ಹುಡುಗರನ್ನು ಆ ಅಂಗಿಯಲ್ಲಿ ನೋಡುವ ಅವಕಾಶ ಅಲ್ಲಿನ ಜನರಿಗೆ ಸಿಕ್ಕಿತು. ಬೆಂಗಳೂರು ಎಫ್‌ಸಿಯ ದೊಡ್ಡ ಹೆಸರುಗಳನ್ನು ಎಣಿಸಿ: ಛೆಟ್ರಿ, ಗುರ್‌ಪ್ರೀತ್, ಉದಾಂತ. ಎಲ್ಲರೂ ನಮ್ಮವರೇ ಆಗಿಹೋಗಿದ್ದಾರೆ, ಸಂತೋಷ. ಆದರೆ ಆ ಪಟ್ಟಿಯಲ್ಲಿ ಬಳ್ಳಾರಿ, ಬೆಳಗಾವಿ, ಮಂಗಳೂರಿನ ಹುಡುಗ ಯಾವಾಗ ಬರುತ್ತಾನೆ?

ಜಗಳಕ್ಕೂ ಲೀಗ್ ಬೇಕು

ಈ ಪ್ರಶ್ನೆ ಎಷ್ಟು ತುರ್ತಿನದು ಎಂಬುದು 2025ರಲ್ಲಿ ಗೊತ್ತಾಯಿತು. ಐಎಸ್‌ಎಲ್ ನಡೆಸುವ ಕಂಪನಿಗೂ ಫೆಡರೇಷನ್ನಿಗೂ 2010ರಲ್ಲಿ ಆಗಿದ್ದ 15 ವರ್ಷಗಳ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು, ಹೊಸದು ಆಗಿರಲಿಲ್ಲ. ಜುಲೈನಲ್ಲಿ ಸೀಸನ್ನನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ನವೆಂಬರ್‌ನಲ್ಲಿ ಲೀಗ್ ನಡೆಸಲು ಕರೆದ ಟೆಂಡರ್‌ಗೆ ಒಂದೂ ಬಿಡ್ ಬರಲಿಲ್ಲ.

ಮೇಲಿಂದ ಕಟ್ಟಿದ ಲೀಗ್‌ಗೆ ಅಡಿಪಾಯ ತೆಳು ಇದ್ದರೆ ಆಗುವುದೇ ಹೀಗೆ. ಹಳದಿ–ನೀಲಿ ಜಗಳ ನಮಗೆ ಕೊಟ್ಟದ್ದು ದೊಡ್ಡದು: ಕ್ರಿಕೆಟ್ ಊರಿನಲ್ಲಿ ಟಿಕೆಟ್ ಕೊಂಡು ಫುಟ್‌ಬಾಲ್ ನೋಡುವ ಒಂದು ತಲೆಮಾರು. ಅದರಲ್ಲಿ ಹತ್ತರಲ್ಲಿ ಒಬ್ಬರು ತಿಂಗಳಿಗೊಮ್ಮೆ ಅಶೋಕನಗರದ ಕಡೆ ಹೆಜ್ಜೆ ಹಾಕಿದರೂ ಸಾಕು. ಕ್ಲಬ್ಬಿನವರು, ರಾಜ್ಯ ಸಂಸ್ಥೆಯವರು ಅಲ್ಲಿನ ಹುಡುಗರ ಕಡೆ ತಿರುಗಿ ನೋಡಲೇಬೇಕಾಗುತ್ತದೆ. ಪಂದ್ಯಗಳ ವೇಳಾಪಟ್ಟಿ ಪ್ರಕಟವಾಗುತ್ತಿರುತ್ತದೆ, ಅಶೋಕನಗರಕ್ಕೆ ಮೆಟ್ರೋ ಕೂಡ ಹತ್ತಿರ.