ನಕ್ಷೆ ಸುಟ್ಟ ಯಂತ್ರದ ಮರುಹುಟ್ಟು

ಜಗತ್ತಿನ ಮೊದಲ ಇಲೆಕ್ಟ್ರಾನಿಕ್ ಕಂಪ್ಯೂಟರ್ ಯಾವುದೆಂದು ಕೇಳಿದರೆ ಪಠ್ಯಪುಸ್ತಕಗಳು ಬಹುಕಾಲ ಅಮೆರಿಕದ ಎನಿಯಾಕ್ ಹೆಸರನ್ನೇ ಹೇಳುತ್ತಿದ್ದವು. ಅದು ಲೋಕದ ಮುಂದೆ ಬಂದದ್ದು 1946ರಲ್ಲಿ. ಆದರೆ ಅದಕ್ಕೂ ಎರಡು ವರ್ಷ ಮೊದಲೇ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಕೊಲೊಸಸ್ ಎಂಬ ಯಂತ್ರ ಹಗಲಿರುಳು ದುಡಿಯುತ್ತಿತ್ತು. ಹಿಟ್ಲರನ ಸೇನಾ ಕೇಂದ್ರವು ತನ್ನ ದಂಡನಾಯಕರಿಗೆ ಕಳುಹಿಸುತ್ತಿದ್ದ ಗೂಢಲಿಪಿಯ ಸಂದೇಶಗಳನ್ನು ಬಿಡಿಸಲು ನೆರವಾಗುವುದೇ ಅದರ ಕೆಲಸ.

ಇದನ್ನು ಕಟ್ಟಿದವರು ಟಾಮಿ ಫ್ಲವರ್ಸ್. ಗಾರೆ ಕೆಲಸದವನ ಮಗ, ಅಂಚೆ ಇಲಾಖೆಯ ಟೆಲಿಫೋನ್ ಇಂಜಿನಿಯರ್. ಹಳೆಯ ವಾಲ್ವ್ ರೇಡಿಯೋ ಬಳಸಿದವರಿಗೆ ಆ ಗಾಜಿನ ನಳಿಕೆಗಳ ಸ್ವಭಾವ ಗೊತ್ತಿದೆ. ಬಿಸಿಯಾಗುತ್ತವೆ, ಕೆಡುತ್ತವೆ. ಸಾವಿರಕ್ಕೂ ಮಿಕ್ಕಿ ವಾಲ್ವ್‌ಗಳಿರುವ ಯಂತ್ರ ನಡೆದೀತೇ ಎಂದು ಬ್ಲೆಚ್ಲಿಯ ಅನೇಕರು ಸಂಶಯಪಟ್ಟರು. ಪದೇ ಪದೇ ಆರಿಸಿ ಹಚ್ಚುವುದರಿಂದಲೇ ವಾಲ್ವ್ ಕೆಡುವುದು, ಉರಿಯುತ್ತಲೇ ಇರಲು ಬಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ ಎಂಬುದು ಫ್ಲವರ್ಸ್‌ಗೆ ಅನುಭವದಿಂದ ತಿಳಿದಿತ್ತು. 1944ರ ಆರಂಭದಲ್ಲಿ ಯಂತ್ರ ನಡೆಯಿತು.

ಯುದ್ಧ ಮುಗಿದಾಗ ಇಂಥ ಹತ್ತು ಯಂತ್ರಗಳಿದ್ದವು. ಎರಡನ್ನು ಮಾತ್ರ ಗುಪ್ತವಾಗಿ ಉಳಿಸಿಕೊಂಡು ಎಂಟನ್ನು ಕಳಚಿಹಾಕಲಾಯಿತು. ನಕ್ಷೆಗಳನ್ನು ಸುಡಬೇಕೆಂಬ ಆದೇಶ ಬಂತು. ತನ್ನ ಕೈಯಾರೆ ಬರೆದುದನ್ನು ಫ್ಲವರ್ಸ್ ತನ್ನ ಕೈಯಾರೆ ಕುಲುಮೆಗೆ ಹಾಕಿದರು. ಮುಂದೆ ಕಂಪ್ಯೂಟರ್ ಕಟ್ಟಲು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಸಾಲ ಕೇಳಿದಾಗ, ಇಂಥದ್ದು ನಡೆಯುವಂಥದ್ದಲ್ಲ ಎಂದು ಅರ್ಜಿ ತಿರಸ್ಕೃತವಾಯಿತು. ಆಗಲೇ ಕಟ್ಟಿದ್ದೇನೆ ಎನ್ನಲು ಆ ಮನುಷ್ಯನಿಗೆ ಬಾಯಿರಲಿಲ್ಲ. ಗೆದ್ದ ದೇಶವೊಂದು ತನ್ನವನನ್ನು ಹೀಗೆ ನಡೆಸಿಕೊಳ್ಳಬೇಕಿತ್ತೇ? ಗೋಪ್ಯತೆಯ ಮುಸುಕು ಸರಿಯತೊಡಗಿದ್ದು 1970ರ ದಶಕದಲ್ಲಿ.

1993ರಲ್ಲಿ ಟೋನಿ ಸೇಲ್ ಎಂಬ ಇಂಜಿನಿಯರ್ ಕೊಲೊಸಸ್ಸನ್ನು ಅದು ನಿಂತಿದ್ದ ನೆಲದಲ್ಲೇ ಮತ್ತೆ ಕಟ್ಟಲು ಹೊರಟರು. ಕೈಯಲ್ಲಿದ್ದುದು 1945ರ ಎಂಟು ಫೋಟೋಗಳು ಮತ್ತು ಕೆಲವು ಇಂಜಿನಿಯರುಗಳು ಆದೇಶ ಮೀರಿ ಬಚ್ಚಿಟ್ಟುಕೊಂಡಿದ್ದ ನಕ್ಷೆಯ ಹರಕು ಹಾಳೆಗಳು. ಆ ಅವಿಧೇಯರಿಗೆ ಇತಿಹಾಸ ಋಣಿಯಾಗಿರಬೇಕು! ಫೋಟೋಗಳಿಂದಲೇ ಅಳತೆ ಲೆಕ್ಕ ಹಾಕಿ ಸೇಲ್ ಹೊಸ ನಕ್ಷೆ ಬರೆದರು. ರಂಧ್ರ ಕೊರೆದ ಕಾಗದದ ಪಟ್ಟಿಯನ್ನು ಬೆಳಕಿನಿಂದ ಓದುವ ಭಾಗ ಮಾತ್ರ ಒಗಟಾಗಿತ್ತು. ಸೆಕೆಂಡಿಗೆ 5,000 ಅಕ್ಷರ ಓದುತ್ತಿದ್ದ ಸಾಧನವದು. ಯುದ್ಧಕಾಲದಲ್ಲಿ ಅದನ್ನು ರೂಪಿಸಿದ್ದ ಅರ್ನಾಲ್ಡ್ ಲಿಂಚ್ ಇನ್ನೂ ಬದುಕಿದ್ದರು. ಇಳಿವಯಸ್ಸಿನಲ್ಲಿ ಅವರೇ ನೆರವಿಗೆ ಬಂದರು. ಬಿಡಿಭಾಗಗಳು ಸಿಕ್ಕಿದ್ದು ಆಗ ಕಳಚಲಾಗುತ್ತಿದ್ದ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ.

1996ರ ಜೂನ್ 6ರಂದು ಯಂತ್ರದ ಒಂದು ಭಾಗ ಚಾಲೂ ಆದಾಗ ತೊಂಬತ್ತರ ಫ್ಲವರ್ಸ್ ಎದುರಲ್ಲೇ ಇದ್ದರು. ಪೂರ್ಣಗೊಂಡದ್ದನ್ನು ಅವರು ನೋಡಲಿಲ್ಲ, 1998ರಲ್ಲಿ ತೀರಿಕೊಂಡರು.

ಮರುನಿರ್ಮಾಣವು ಅಸಲಿ ಇತಿಹಾಸವಲ್ಲ, ಬರೀ ನಕಲು ಎನ್ನುವವರಿದ್ದಾರೆ. ಗಾಜಿನ ಪೆಟ್ಟಿಗೆಯೊಳಗಿನ ಬೊಂಬೆಯಾಗಿದ್ದರೆ ಆ ಮಾತು ಒಪ್ಪಬಹುದಿತ್ತು. ಆದರೆ 2007ರ ನವೆಂಬರ್‌ನಲ್ಲಿ ಜರ್ಮನಿಯಿಂದ ಅದೇ ಗೂಢಲಿಪಿಯಲ್ಲಿ ಸಂದೇಶ ರೇಡಿಯೋ ಮೂಲಕ ಬಂದಾಗ, ಕೊಲೊಸಸ್ ಸುಮಾರು ಮೂರೂವರೆ ಗಂಟೆಯಲ್ಲಿ ಅದರ ಕೀಲಿಯನ್ನು ಹುಡುಕಿಕೊಟ್ಟಿತು. ಬಾನ್ ನಗರದ ಪ್ರೋಗ್ರಾಮರ್ ಒಬ್ಬರ ಲ್ಯಾಪ್‌ಟಾಪ್‌ಗೆ ಹಿಡಿದದ್ದು 46 ಸೆಕೆಂಡು. ನಡುವೆ 63 ವರ್ಷಗಳ ಅಂತರವಿತ್ತು.